ಬಿಲವಾಸಿಗೊಂದು ಬಿಡಾರ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ನಮ್ಮ ಹಿರಿಯರು ಜೇಡಕ್ಕೆ ಮನೆ ಕಟ್ಟಿ ನೋಡಿದವರಲ್ಲ. ನೋಡಿದ್ದರೆ ಆ ಗಾದೆಗೆ ಇನ್ನೊಂದು ತುಂಡು ಸೇರಿಕೊಳ್ಳುತ್ತಿದ್ದಿತು. ಜೇಡವೆಂದರೆ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುವ ಪ್ರಾಣಿ. ಅದಕ್ಕೆ ಮನುಷ್ಯನು ಮೇಸ್ತ್ರಿಯಾಗಿ ನಿಲ್ಲಬೇಕಾದ ಪ್ರಸಂಗವಾದರೂ ಏನು ಎಂದು ವಾಚಕರು ಕೇಳಬಹುದು. ಹೋದ ವರ್ಷದ ಬೇಸಿಗೆಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ನಾನಿರುವುದು ಮಾರತ್ತಹಳ್ಳಿಯಲ್ಲಿ. ಹೊರವರ್ತುಲ ರಸ್ತೆಯ ಸೇತುವೆ, ಅದರ ಬಳಿಯ ಬಸ್ಸುಗಳ ಗದ್ದಲ, ಬಟ್ಟೆಯಂಗಡಿಗಳ ಝಗಝಗಿಸುವ ದೀಪ, ಇಷ್ಟನ್ನೇ ಕಂಡವರಿಗೆ ಇದು ಹಳ್ಳಿಯೆಂಬುದು ಹೆಸರಿನ ಬಾಲದಲ್ಲಿ ಮಾತ್ರ ಉಳಿದಿದೆ ಎನ್ನಿಸೀತು. ಒಳಗಿನ ಗಲ್ಲಿಗಳಲ್ಲಿ ಇನ್ನೂ ಕೆಲವು ಹಳೆಯ ಮನೆಗಳಿವೆ. ಅಂಥದೊಂದರ ಮೇಲೆ ಎರಡು ಅಂತಸ್ತು ಏರಿಸಿ, ಹೈಸ್ಕೂಲು ಮೇಷ್ಟರ ನಿವೃತ್ತಿ ವೇತನಕ್ಕೆ ಬಾಡಿಗೆಯ ಊರುಗೋಲನ್ನು ಕೊಟ್ಟುಕೊಂಡವನು ನಾನು. ಮೇಲಿನ ಮನೆಯಲ್ಲಿ ಹಾಸನದ ಕಡೆಯ ಹುಡುಗನೊಬ್ಬನಿದ್ದಾನೆ. ಗಣಕಯಂತ್ರದ ಕೆಲಸ, ಹಗಲೆಲ್ಲ ಕಚೇರಿ, ಇರುಳೆಲ್ಲ ಅಮೆರಿಕದವರೊಡನೆ ಮಾತು. ಆ ಹುಡುಗ ಒಂದು ಶನಿವಾರ ರಾತ್ರಿ ಒಂದು ಪಾರದರ್ಶಕ ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದನು.

"ಮೇಷ್ಟ್ರೇ, ನೀವು ಸೈನ್ಸ್ ಪಾಠ ಮಾಡ್ತಿದ್ದೋರಲ್ವಾ? ಇದು ಯಾಕೆ ಹೀಗೆ ಮೂಲೆ ಹಿಡಿದು ಕೂತಿದೆ, ಸ್ವಲ್ಪ ನೋಡಿ."

ನೋಡಿದೆ. ಡಬ್ಬಿಯ ತಳದಲ್ಲಿ ಎರಡು ಬೆರಳು ದಪ್ಪ ತೆಂಗಿನ ನಾರಿನ ಪುಡಿ. ಅದರ ಮೇಲೆ ಬಣ್ಣ ಬಣ್ಣದ ಗಾಜಿನ ಗುಂಡುಕಲ್ಲು, ಪ್ಲಾಸ್ಟಿಕ್ಕಿನ ಒಂದು ಗಿಡ, ಮೀನಿನ ತೊಟ್ಟಿಯೊಳಗೆ ಇಡುವಂಥ ಒಂದು ಪುಟ್ಟ ಕೋಟೆ. ಈ ವೈಭವದ ನಡುವೆ ಒಂದು ಮೂಲೆಯಲ್ಲಿ, ಎಂಟು ಕಾಲುಗಳನ್ನೂ ಮೈಗೆ ಒತ್ತಿಕೊಂಡು, ಅಂಗೈಯಗಲದ ಒಂದು ಜೇಡ. ದೀಪವನ್ನು ಹತ್ತಿರ ತಂದಾಗ ಅದರ ಕಾಲುಗಳು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿದವು. ನಿಜವಾಗಿಯೂ ನೀಲಿ. ಜೇಡವೆಂದರೆ ಪೊರಕೆಯನ್ನು ನೆನೆಯುವ ನನ್ನ ಮನೆಯಾಕೆಯೂ ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟಳು.

ಅದು ಬರ್ಮಾ, ಥಾಯ್ಲೆಂಡುಗಳ ಕಡೆಯ ಪ್ರಾಣಿ. ಸಾಕುವವರು ಕೋಬಾಲ್ಟ್ ಬ್ಲೂ ಎನ್ನುತ್ತಾರೆ. ವಿಜ್ಞಾನಿಗಳು ಅದಕ್ಕೆ ನಾಮಕರಣ ಮಾಡಿದುದು 1996 ರಲ್ಲಿ. ಟರಾಂಟುಲ ಎಂದು ಈಗ ಲೋಕವೆಲ್ಲ ಕರೆಯುವ ರೋಮಶ ದೈತ್ಯ ಜೇಡಗಳ ಕುಟುಂಬಕ್ಕೆ ಸೇರಿದ್ದು. ಅದರಲ್ಲಿಯೂ ಮಣ್ಣಿನಲ್ಲಿ ಆಳವಾದ ಬಿಲ ತೋಡಿ ಅದರಲ್ಲಿಯೇ ಆಯುಸ್ಸನ್ನು ಕಳೆಯುವ ಪಂಗಡದ್ದು. ವಿದೇಶಕ್ಕೆ ಕೆಲಸಕ್ಕೆ ಹೋದ ಗೆಳೆಯನೊಬ್ಬ ನಮ್ಮ ಹುಡುಗನಿಗೆ ಇದನ್ನು ವಹಿಸಿ ಹೋಗಿದ್ದನಂತೆ. ಇರುಳೆಲ್ಲ ಗಾಜು ಹತ್ತಿ ಇಳಿಯುತ್ತದೆ, ಹಗಲೆಲ್ಲ ಮೂಲೆಯಲ್ಲಿ ಮುದುರಿರುತ್ತದೆ, ಹುಳು ಹಾಕಿದರೆ ಮೂಸುವುದಿಲ್ಲ ಎಂಬುದು ಅವನ ದೂರು.

"ಇದಕ್ಕೆ ಕಾಯಿಲೆಯೇನೂ ಇಲ್ಲಪ್ಪ. ಮನೆಯಿಲ್ಲ" ಎಂದೆ.

"ಇಷ್ಟೆಲ್ಲ ಇದೆಯಲ್ಲ ಮೇಷ್ಟ್ರೇ!"

ಇದ್ದುದೆಲ್ಲ ನೋಡುವವನಿಗಾಗಿ ಇದ್ದಿತು. ಜೇಡಕ್ಕೆ ಬೇಕಾದ ಒಂದೇ ಒಂದು ವಸ್ತು, ಮಣ್ಣು, ಅಲ್ಲಿ ಇರಲಿಲ್ಲ.

ಈ ಪ್ರಾಣಿಗಳ ಮೈಕಟ್ಟು ಬಹಳ ಪ್ರಾಚೀನವಾದುದು. ನಮ್ಮ ಮನೆಯ ಮೂಲೆಗಳಲ್ಲಿ ಬಲೆ ನೇಯುವ ಜೇಡಗಳ ವಿಷದ ಹಲ್ಲುಗಳು ಇಕ್ಕಳದಂತೆ ಎದುರುಬದುರಾಗಿ ಕೂಡುತ್ತವೆ. ಇವುಗಳ ಹಲ್ಲುಗಳಾದರೋ ಗುದ್ದಲಿಯಂತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಮಣ್ಣನ್ನು ಅಗೆಯುವುದೂ ಅವುಗಳಿಂದಲೇ. ಉಸಿರಾಟಕ್ಕೆ ಹೊಟ್ಟೆಯಡಿಯಲ್ಲಿ ಎರಡು ಜೊತೆ ಪುಸ್ತಕ ಶ್ವಾಸಕೋಶಗಳಿವೆ. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಆ ಅಂಗಕ್ಕೆ ಒಣಗಾಳಿ ಆಗಿಬರುವುದಿಲ್ಲ. ಬಿಲದ ತಳದಲ್ಲಿ ಹಗಲಿರುಳೂ ಒಂದೇ ಸಮನಾದ ತಂಪು, ಒಂದೇ ಸಮನಾದ ತೇವ. ಹಾಗಿರುವಲ್ಲಿ ಬಿಲವೆಂಬುದು ಈ ಜೇಡಕ್ಕೆ ಮಲಗುವ ಕೋಣೆ ಮಾತ್ರವಲ್ಲ. ಮೈಯ ಹೊರಗೆ ಬೆಳೆಸಿಕೊಂಡ ಇನ್ನೊಂದು ಮೈ.

ಬಿಲವೊಂದೇ ಆಯುಸ್ಸೆಲ್ಲ ಸಾಕಾಗುತ್ತದೆಂಬುದಕ್ಕೆ ಆಸ್ಟ್ರೇಲಿಯದ ಒಂದು ನಿದರ್ಶನವಿದೆ. ಪಶ್ಚಿಮ ಆಸ್ಟ್ರೇಲಿಯದ ನಾರ್ತ್ ಬಂಗುಲ್ಲ ಎಂಬಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿ 1974 ರಲ್ಲಿ ಬಾಗಿಲುಬಿಲದ ಜೇಡಗಳ ಒಂದೊಂದು ಬಿಲಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಲೆಕ್ಕವಿಡತೊಡಗಿದರು. ಟರಾಂಟುಲಗಳಲ್ಲವಾದರೂ ಅವು ಇವುಗಳ ದಾಯಾದಿಗಳೇ. ಅವುಗಳಲ್ಲಿ 16 ನೆಯ ಸಂಖ್ಯೆಯ ಹೆಣ್ಣು ಮರಿಯಾಗಿ ತೋಡಿದ ಬಿಲವನ್ನೇ ಹಿಗ್ಗಿಸುತ್ತ, ದುರಸ್ತು ಮಾಡುತ್ತ, ಅದೇ ಬಿಲದಲ್ಲಿ 43 ವರ್ಷ ಬಾಳಿತು. 2016 ರಲ್ಲಿ ಅದು ಸತ್ತುದು ಮುಪ್ಪಿನಿಂದಲ್ಲ, ಒಂದು ಪರೋಪಜೀವಿ ಕಣಜದಿಂದ. ಟರಾಂಟುಲಗಳ ಹೆಣ್ಣುಗಳೂ ಹತ್ತು ಹದಿನೈದು ವರ್ಷ ಸಲೀಸಾಗಿ ಬದುಕುವಂಥವು. ಗಂಡುಗಳು ಪ್ರಾಯಕ್ಕೆ ಬಂದಮೇಲೆ ಬಹುಕಾಲ ಉಳಿಯುವುದಿಲ್ಲ. ಇಂಥ ದೀರ್ಘಾಯುವನ್ನು ಎರಡು ಬೆರಳು ನಾರಿನ ಪುಡಿಯ ಮೇಲೆ ಕೂರಿಸಿ, ಇದು ಏಕೆ ಸುಮ್ಮನಿದೆ ಎಂದು ಕೇಳುವುದು ನ್ಯಾಯವಲ್ಲ.

ಮಣ್ಣಿನ ಮನೆಯನ್ನು ಕಟ್ಟಿಕೊಡಬೇಕೆಂದು ನಿಶ್ಚಯಿಸಿದಾಗ ನನಗೆ ನೆನಪಾದವನು ಫ್ರಾನ್ಸಿನ ಝಾನ್ ಆನ್ರಿ ಫಾಬ್ರ್. ಕೀಟಗಳ ಚರಿತ್ರೆಯನ್ನು ಕಾದಂಬರಿಯಂತೆ ಬರೆದ ಆ ಬಡ ಮೇಷ್ಟರು ತಮ್ಮ ಸೇರಿನ್ಯಾನ್ ಊರಿನಲ್ಲಿ ಬಿಲವಾಸಿಗಳಾದ ತೋಳಜೇಡಗಳನ್ನು ಸಾಕಿದ್ದರು. ಟರಾಂಟುಲವೆಂಬ ಹೆಸರು, ಇಟಲಿಯ ಟರಾಂಟೊ ಊರಿನಿಂದ ಹುಟ್ಟಿ, ಮೊದಲು ಸಂದುದು ಆ ತೋಳಜೇಡಗಳಿಗೇ. ಫಾಬ್ರ್ ಮಾಡಿದ ಉಪಾಯ ಇದು: ದೊಡ್ಡ ಮಣ್ಣಿನ ಪಾತ್ರೆಗಳಲ್ಲಿ, ಆ ಜೇಡಗಳು ಕಾಡಿನಲ್ಲಿ ಇರುತ್ತಿದ್ದಂಥದೇ ಹರಳು ಬೆರೆತ ಕೆಂಪು ಜೇಡಿಮಣ್ಣನ್ನು ನೆನೆಸಿ, ಬಿಲದಷ್ಟೇ ದಪ್ಪದ ಒಂದು ಜೊಂಡಿನ ಕೊಳವೆಯನ್ನು ನಡುವೆ ನಿಲ್ಲಿಸಿ, ಅದರ ಸುತ್ತ ಪದರ ಪದರವಾಗಿ ಮಣ್ಣು ತುಂಬಿದರು. ತುಂಬಿದ ಮೇಲೆ ಕೊಳವೆಯನ್ನು ಎಳೆದರೆ ನೆಟ್ಟನೆಯ ಬಾವಿಯೊಂದು ಸಿದ್ಧ. ಮೇಲೆ ತಂತಿಬಲೆಯ ಮುಚ್ಚಳ. ಬೆಳೆದ ಜೇಡವನ್ನು ಬರಿ ನೆಲದ ಮೇಲೆ ಬಿಟ್ಟರೆ ಅದು ಹೊಸದಾಗಿ ಬಿಲ ತೊಡಗುವುದಿಲ್ಲ, ಬೆರಳುದ್ದದ ಗುಳಿಯೊಂದನ್ನು ತೋಡಿಕೊಟ್ಟರೆ ಅದನ್ನು ಹಿಡಿದು ಮುಂದುವರಿಸುತ್ತದೆ ಎಂಬುದನ್ನೂ ಅವರು ಕಂಡುಕೊಂಡಿದ್ದರು. ಗಾಜಿನ ತೊಟ್ಟಿಗಳೂ ಮಾರುಕಟ್ಟೆಯ ಮಣ್ಣಿನ ಚೀಲಗಳೂ ಬರುವುದಕ್ಕೆ ಎಷ್ಟೋ ಮೊದಲು ಈ ವಿದ್ಯೆಯ ಮುಕ್ಕಾಲು ಪಾಲು ಅಲ್ಲಿಗೆ ಮುಗಿದಿದ್ದಿತು ಎಂದೇ ನನ್ನ ಅಭಿಪ್ರಾಯ.

ಇನ್ನು ಮಣ್ಣನ್ನು ಹುಡುಕಬೇಕು. ಇದರಲ್ಲಿಯೇ ಇಡೀ ಒಂದು ವಾರ ಕಳೆಯಿತೆಂದರೆ ವಾಚಕರು ನಂಬಲಾರರು.

ಮಾರತ್ತಹಳ್ಳಿಯಲ್ಲಿ ಮಣ್ಣಿಗೆ ಕೊರತೆಯೇನೂ ಇಲ್ಲ. ಎಲ್ಲಿ ನೋಡಿದರಲ್ಲಿ ಅಗೆದ ಗುಂಡಿ, ಲಾರಿ ಲಾರಿ ಮಣ್ಣು. ಹುಡುಗನು ಮರುದಿನವೇ ಒಂದು ಅಪಾರ್ಟುಮೆಂಟಿನ ಪಾಯದಿಂದ ಎರಡು ಚೀಲ ತುಂಬಿ ತಂದನು. ಬಿಚ್ಚಿ ನೋಡಿದರೆ ಇಟ್ಟಿಗೆಯ ಚೂರು, ಸಿಮೆಂಟಿನ ಹೆಂಟೆ, ಪ್ಲಾಸ್ಟಿಕ್ಕಿನ ಎಳೆ, ಅಡಿಯಲ್ಲಿ ಬಿಳಿ ಹಳದಿ ಬಣ್ಣದ ಗರಸು. ಸಿಮೆಂಟಿನ ಸುಣ್ಣ ತೇವವಾದಾಗ ಮಣ್ಣನ್ನು ಕ್ಷಾರವಾಗಿಸುತ್ತದೆ. ಅದನ್ನು ಹಿಂದಕ್ಕೆ ಕಳುಹಿಸಿದೆ. ನರ್ಸರಿಯ ಚೀಲ ಬಂದಿತು. ಅದರಲ್ಲಿ ಗೊಬ್ಬರವಿದ್ದಿತು, ಬೇವಿನ ಹಿಂಡಿಯಿದ್ದಿತು. ಹುಳುಗಳನ್ನು ಓಡಿಸುವುದಕ್ಕೆಂದೇ ಹಾಕುವ ಹಿಂಡಿಯಲ್ಲಿ ಜೇಡವನ್ನು ಹೂಳುವುದೆಂತು? ಕೆರೆಯ ಗೋಡನ್ನು ತರೋಣವೆಂದನು. ನನ್ನ ಬಾಲ್ಯದಲ್ಲಿ ಬೇಸಿಗೆ ಬಂದಿತೆಂದರೆ ಗಾಡಿಗಳು ಸಾಲುಗಟ್ಟಿ ಕೆರೆಯ ಗೋಡನ್ನು ಹೊಲಗಳಿಗೆ ಹೊಡೆಯುತ್ತಿದ್ದವು. ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ ಎಂಬ ಕಾಲ ಅದು. ಆದರೆ ನಮಗೆ ಹತ್ತಿರದ ದೊಡ್ಡ ಕೆರೆಯೆಂದರೆ ಬೆಳ್ಳಂದೂರು. 2015 ರಲ್ಲಿ ರಸ್ತೆಗೆ ಹಾರಿದ ಅದರ ನೊರೆಯನ್ನೂ 2017 ರ ಫೆಬ್ರವರಿಯಲ್ಲಿ ನೀರಿನ ಮೇಲೆಯೇ ಎದ್ದ ಬೆಂಕಿಯನ್ನೂ ಕಂಡವನು ಅದರ ಗೋಡನ್ನು ಜೇಡಕ್ಕೂ ಹಾಕಲಾರ. ನೂರಾರು ಎಕರೆ ಹೊಲವಿದ್ದ ಊರಿನಲ್ಲಿ ಒಂದು ಜೇಡಕ್ಕೆ ಸಾಲುವಷ್ಟು ಶುದ್ಧವಾದ ಮಣ್ಣು ಸಿಕ್ಕಲಿಲ್ಲವಲ್ಲ ಎಂದು ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಕೊನೆಗೆ ಹೊಸಕೋಟೆಯ ಆಚೆ ನನ್ನ ಹಳೆಯ ಶಿಷ್ಯನೊಬ್ಬನ ರಾಗಿಯ ಹೊಲದ ಬದುವಿನಿಂದ, ಮೇಲಿನ ಒಂದು ಮೊಳ ಬಿಟ್ಟು ಕೆಳಗಿನ ಕೆಮ್ಮಣ್ಣನ್ನು ತಂದೆವು. ಹೊಲಕ್ಕೆ ಸಿಂಪಡಿಸಿದ ಔಷಧಿ ಅಷ್ಟು ಆಳಕ್ಕೆ ಇಳಿದಿರಲಾರದೆಂಬ ಧೈರ್ಯ.

ಬೆಂಗಳೂರಿನ ಸೀಮೆಯ ಕೆಮ್ಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನೈಸ್ ಶಿಲೆ ಕರಗಿ ಆದ ಮಣ್ಣು ಅದು. ಕಬ್ಬಿಣದ ಆಕ್ಸೈಡಿನಿಂದ ಕೆಂಪು. ಅದರಲ್ಲಿರುವ ಜಿಗಟು ನೀರು ಕುಡಿದರೆ ಹೆಚ್ಚು ಉಬ್ಬುವುದಿಲ್ಲ, ಒಣಗಿದರೆ ಹೆಚ್ಚು ಬಿರಿಯುವುದಿಲ್ಲ. ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣಾಗಿದ್ದರೆ ಕಷ್ಟವಾಗುತ್ತಿದ್ದಿತು: ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಆ ಮಣ್ಣಿನಲ್ಲಿ ತೋಡಿದ ಬಿಲ ಒಣಗಿದಾಗಲೆಲ್ಲ ಸೀಳುತ್ತದೆ. ಬರಿಯ ಮರಳಂತೂ ಕೂಡದು, ಗೋಡೆ ನಿಲ್ಲುವುದಿಲ್ಲ. ಬರಿಯ ನಾರಿನ ಪುಡಿ ಹಗುರ, ಅಂಗಡಿಯಲ್ಲಿ ಇಟ್ಟಿಗೆಯಂತೆ ಒತ್ತಿದ್ದು ಸಿಕ್ಕುತ್ತದೆ, ತೇವವನ್ನು ಹಿಡಿಯುತ್ತದೆ. ಆದರೆ ಒಣಗಿದೊಡನೆ ಸಡಿಲವಾಗಿ ಉದುರುತ್ತದೆ. ಮರದ ಹೊಟ್ಟು, ದೇವದಾರುವಿನ ಸಿಪ್ಪೆ ಮುಂತಾದವುಗಳ ಎಣ್ಣೆ ಜೇಡಗಳಿಗೆ ಕೇಡು.

ಮಣ್ಣನ್ನು ಪರೀಕ್ಷಿಸುವುದಕ್ಕೆ ಶಾಲೆಯಲ್ಲಿ ಮಕ್ಕಳಿಗೆ ಮಾಡಿಸುತ್ತಿದ್ದ ಹಳೆಯ ಪ್ರಯೋಗವನ್ನೇ ಮಾಡಿದೆ. ಗಾಜಿನ ಬಾಟಲಿಗೆ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಇಡುವುದು. ಮರಳು ನಿಮಿಷದೊಳಗೆ ತಳಕ್ಕೆ ಕೂರುತ್ತದೆ. ಗೋಡು ಕೆಲವು ಗಂಟೆಗಳಲ್ಲಿ. ಜೇಡಿ ಒಂದು ದಿನ ಕಳೆದ ಮೇಲೆ, ತೆಳುವಾದ ನುಣುಪು ಪದರವಾಗಿ. (ಜೇಡ, ಜೇಡಿ ಎಂಬ ಎರಡು ಮಾತುಗಳು ಇಷ್ಟು ಹತ್ತಿರ ಇರುವುದು ಆಕಸ್ಮಿಕವೇ ಇರಬೇಕು. ಜೇಡವೆಂದರೆ ನೇಯುವವನೆಂದೂ ಅರ್ಥ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ. ಆದರೆ ಮಣ್ಣಿನಲ್ಲಿ ಮನೆ ಮಾಡಿ, ಅದರ ಗೋಡೆಗೆ ರೇಷ್ಮೆ ನೇಯುವ ಈ ಪ್ರಾಣಿಯನ್ನು ನೋಡಿದವನಿಗೆ ಆಕಸ್ಮಿಕವೆನ್ನಲು ಮನಸ್ಸು ಬಾರದು.) ನಮ್ಮ ಮಣ್ಣಿನಲ್ಲಿ ಜಿಗಟು ಸಾಕಷ್ಟಿದ್ದಿತು. ಐದು ಪಾಲು ಕೆಮ್ಮಣ್ಣು, ಮೂರು ಪಾಲು ನಾರಿನ ಪುಡಿ, ಎರಡು ಪಾಲು ನದಿಯ ಮರಳು, ಇದು ನಾವು ಕಂಡುಕೊಂಡ ಪಾಕ. ನಾರಿನ ಪುಡಿಯನ್ನು ಮೂರು ನೀರಿನಲ್ಲಿ ತೊಳೆದೆವು. ಅದರಲ್ಲಿ ಉಪ್ಪಿನಂಶ ಉಳಿದಿರುವುದುಂಟು. ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್ ಹರಿತವಾದುದು, ಬೇಡವೆಂದೆ. ಎಲ್ಲವನ್ನೂ ತಾರಸಿಯ ಮೇಲೆ ನಾಲ್ಕು ದಿನ ಏಪ್ರಿಲಿನ ಬಿಸಿಲಿಗೆ ಹರವಿದೆವು, ಇರುವೆಯೂ ನುಸಿಯೂ ತೊಲಗಲಿ ಎಂದು.

ಆಮೇಲೆ ಹದ. ಈ ಮಾತಿಗೆ ಸಮನಾದುದು ಬೇರೆ ಭಾಷೆಯಲ್ಲಿ ಇದೆಯೋ ಇಲ್ಲವೋ ನಾನರಿಯೆ. ನೀರು ಚಿಮುಕಿಸಿ ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮುರಿಯಬೇಕು, ಹಪ್ಪಳದಂತೆ ಚಪ್ಪಟೆಯಾಗಬಾರದು. ಬಿತ್ತನೆಗೆ ಮುನ್ನ ರೈತನು ನೋಡುವ ಹದವೂ, ಮಣ್ಣಿನ ಗೋಡೆಯಿಡುವವನು ನೋಡುವ ಹದವೂ ಇದರ ಅಣ್ಣತಮ್ಮಂದಿರೇ. ಹುಡುಗನಿಗೆ ಇದನ್ನು ಹೇಳಿಕೊಡುವುದು ಕಷ್ಟವಾಯಿತು. "ನೂರು ಗ್ರಾಂಗೆ ಎಷ್ಟು ಮಿಲಿ ಮೇಷ್ಟ್ರೇ?" ಎಂದು ಮೂರು ಸಲ ಕೇಳಿದನು. ನಾಲ್ಕನೆಯ ಸಲ ಅವನ ಕೈಯೇ ಉತ್ತರ ಹೇಳಿತು.

ತೊಟ್ಟಿಯ ವಿಷಯಕ್ಕೆ ಬರೋಣ. ಮೀನಿನ ತೊಟ್ಟಿಗಳನ್ನು ಮಾಡುವ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದು: ಉದ್ದ 12 ಅಂಗುಲ, ಅಗಲ 10, ಎತ್ತರ 16. ಮಾರುವವರು ತೋರಿಸುವ ತೊಟ್ಟಿಗಳೆಲ್ಲ ಉದ್ದವಾಗಿಯೂ ಗಿಡ್ಡವಾಗಿಯೂ ಇರುತ್ತವೆ. ನೆಲದ ಮೇಲೆ ತಿರುಗಾಡುವ ಜೇಡಕ್ಕೆ ಅದು ಸರಿ. ಮರದ ಪೊಟರೆಯಲ್ಲಿರುವ ಜೇಡಕ್ಕೆ ಎತ್ತರವೂ ತೊಗಟೆಯೂ ಬೇಕು, ಮಣ್ಣು ಅಷ್ಟಾಗಿ ಬೇಡ. ಬಿಲವಾಸಿಗೆ ಎತ್ತರ ಬೇಕು, ಆದರೆ ಆ ಎತ್ತರವನ್ನು ಗಾಳಿಯಿಂದಲ್ಲ, ಮಣ್ಣಿನಿಂದ ತುಂಬಬೇಕು. ಜೇಡವು ಕಾಲು ಚಾಚಿದಾಗಿನ ಉದ್ದದ ಎರಡರಷ್ಟಾದರೂ ಮಣ್ಣಿನ ಆಳವಿರಬೇಕು, ಹೆಚ್ಚಾದಷ್ಟೂ ಒಳ್ಳೆಯದು. ನಮ್ಮದು ಐದು ಅಂಗುಲದ ಜೇಡ. ಹನ್ನೊಂದು ಅಂಗುಲ ಮಣ್ಣು ತುಂಬಿದೆವು. ಮಣ್ಣಿನ ಮೇಲಿನಿಂದ ಮುಚ್ಚಳಕ್ಕೆ ಐದು ಅಂಗುಲ ಉಳಿಯಿತು. ಇದಕ್ಕಿಂತ ಬಹಳ ಹೆಚ್ಚು ಬಿಡಬಾರದು. ಗಾಜು ಹತ್ತಿದ ಜೇಡ ಮೇಲಿನಿಂದ ಬಿದ್ದರೆ ಅದರ ಹೊಟ್ಟೆ, ನೀರು ತುಂಬಿದ ತೆಳುಚೀಲದಂತಿರುವ ಹೊಟ್ಟೆ, ಒಡೆದುಹೋಗುತ್ತದೆ. ಗಾಜಿನ ಗುಂಡುಕಲ್ಲುಗಳನ್ನೂ ಕೋಟೆಯನ್ನೂ ಹೊರಕ್ಕೆ ಹಾಕಿದ್ದು ಈ ಕಾರಣದಿಂದಲೇ. ಮುಚ್ಚಳಕ್ಕೆ ತಂತಿಬಲೆ ಹಾಕಲಿಲ್ಲ. ಕಾಲಿನ ಉಗುರು ಬಲೆಯಲ್ಲಿ ಸಿಕ್ಕಿ ತೊಂದರೆಯಾಗುವುದುಂಟು. ಫಾಬ್ರರ ಮಾತನ್ನು ಮೀರಿದ್ದು ಇದೊಂದರಲ್ಲಿ. ಅಕ್ರಿಲಿಕ್ ಹಲಗೆಗೆ ಸಣ್ಣ ರಂಧ್ರ ಕೊರೆಸಿದೆವು. ಗಾಳಿ ಅಡ್ಡಲಾಗಿ ಹಾಯಲೆಂದು ಪಕ್ಕದ ಗಾಜಿನ ಮೇಲ್ಭಾಗದಲ್ಲಿಯೂ ಕೆಲವು. ತುಂಬಿದ ಮೇಲೆ ತೊಟ್ಟಿ ಇಪ್ಪತ್ತೈದು ಕಿಲೋಗೆ ಕಡಿಮೆಯಿರಲಾರದು. ಹುಡುಗನ ಪುಸ್ತಕದ ಕಪಾಟಿನ ಮೇಲೆ ಇಡುವ ಯೋಚನೆ ಬಿದ್ದುಹೋಗಿ, ನಮ್ಮ ಕೆಳಮನೆಯ ಪಡಸಾಲೆಯ ನೆಲವೇ ಗತಿಯಾಯಿತು. ಹೀಗೆ ಜೇಡವು ನನ್ನ ಒಕ್ಕಲೂ ಆಯಿತು.

ಮಣ್ಣನ್ನು ಎರಡೆರಡು ಅಂಗುಲದ ಪದರವಾಗಿ ಹಾಕಿ, ಮರದ ತುಂಡಿನಿಂದ ದಿಮ್ಮಸು ಹೊಡೆದೆವು. ಫಾಬ್ರರ ಜೊಂಡಿನ ಕೊಳವೆ ಮಾರತ್ತಹಳ್ಳಿಯಲ್ಲಿ ಎಲ್ಲಿ ಸಿಕ್ಕೀತು? ದಪ್ಪ ಸರಿಯಾಗಿದ್ದುದು ಲಟ್ಟಣಿಗೆಯೊಂದೇ. ಅದನ್ನು ಓರೆಯಾಗಿ ಮಣ್ಣಿಗೆ ಊರಿದಾಗ ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅದಿನ್ನು ಒಳಗೆ ಬರಕೂಡದು, ನೋಡಿ" ಎಂದಷ್ಟೇ ಅಂದಳು. ಹೊಸ ಲಟ್ಟಣಿಗೆಗೆ ನೂರೈವತ್ತು ರೂಪಾಯಿ.

ಈ ಬಿಲವನ್ನು ಎಲ್ಲಿ ಮಾಡಬೇಕೆಂಬುದರಲ್ಲಿ ಮಾತ್ರ ನನಗೂ ಹುಡುಗನಿಗೂ ಭಿನ್ನಾಭಿಪ್ರಾಯ ಬಂದಿತು. ಗಾಜಿಗೆ ಒತ್ತಿದಂತೆ ಮಾಡಿದರೆ ಒಳಗಿರುವುದು ಕಾಣುತ್ತದೆ ಎಂದು ಅವನ ವಾದ. ನಡುವೆ ಮಾಡಿದರೆ ನಾಲ್ಕು ಕಡೆಯೂ ಮಣ್ಣಿನ ಗೋಡೆ, ಪೂರ್ಣ ಕತ್ತಲೆ ಎಂದು ನನ್ನದು.

"ಕಾಣದೇ ಇದ್ರೆ ಸಾಕೋದು ಯಾಕೆ ಮೇಷ್ಟ್ರೇ? ಮಣ್ಣು ತುಂಬಿದ ತೊಟ್ಟಿ ಇಟ್ಕೊಂಡ ಹಾಗಾಗುತ್ತೆ."

ಈ ಪ್ರಶ್ನೆಗೆ ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಬಣ್ಣಕ್ಕಾಗಿ ತಂದ ಜೇಡ. ಬಣ್ಣವನ್ನು ಮುಚ್ಚಿಡುವುದೇ ಅದರ ಸ್ವಭಾವ. ಬಿಲವಾಸಿ ಜೇಡವನ್ನು ಸಾಕುವುದೆಂದರೆ ಒಂದು ತೂತನ್ನು ಸಾಕುವುದು ಎಂದು ಇದನ್ನು ಬಲ್ಲವರು ಹಾಸ್ಯಮಾಡುವುದುಂಟಂತೆ. ಒಪ್ಪಂದಕ್ಕೆ ಬಂದೆವು: ಬಿಲದ ಒಂದು ಪಕ್ಕ ಗಾಜಿಗೆ ತಾಗಲಿ, ಆ ಗಾಜಿಗೆ ಹೊರಗಡೆ ಕಪ್ಪು ಕಾಗದದ ಪರದೆಯಿರಲಿ, ವಾರಕ್ಕೊಮ್ಮೆ ಮಾತ್ರ ಅದನ್ನು ಎತ್ತತಕ್ಕದ್ದು.

ಅದೇ ರಾತ್ರಿ ನಾನು ಅವನನ್ನು ಕೇಳಬೇಕಾದುದನ್ನು ಕೇಳಿದೆ. ಈ ಜೇಡ ತೊಟ್ಟಿಯಲ್ಲಿ ಹುಟ್ಟಿದ್ದೋ, ಕಾಡಿನಿಂದ ಅಗೆದು ತಂದದ್ದೋ? ಅವನಿಗೆ ತಿಳಿಯದು, ಕೊಟ್ಟ ಗೆಳೆಯನಿಗೂ ತಿಳಿಯದು. ಇದು ಸಣ್ಣ ಮಾತಲ್ಲ. 2022 ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಜೇಡ ಚೇಳುಗಳ ವರ್ಗದ 1,200 ಕ್ಕೂ ಹೆಚ್ಚು ಜಾತಿಗಳು ಲೋಕದ ಮಾರುಕಟ್ಟೆಗಳಲ್ಲಿ ಬಿಕರಿಯಾಗುತ್ತಿವೆ. ಅವುಗಳಲ್ಲಿ ಬಹುಪಾಲು ಕಾಡಿನಿಂದ ಹಿಡಿದವು. ನಮ್ಮ ನೆರೆಯಲ್ಲಿಯೇ ಒಂದು ಕಥೆ ನಡೆದಿದೆ. ಆಂಧ್ರದ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕಿದ ನೀಲಿ ಜೇಡವೊಂದನ್ನು ಪೊಕಾಕ್ ಎಂಬ ಪ್ರಾಣಿಶಾಸ್ತ್ರಜ್ಞ 1899 ರಲ್ಲಿ ವರ್ಣಿಸಿದನು. ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001 ರಲ್ಲಿ ನಂದ್ಯಾಲ, ಗಿದ್ದಲೂರುಗಳ ನಡುವಣ ಕಾಡಿನ ಮರದ ಪೊಟರೆಗಳಲ್ಲಿ ಮತ್ತೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಯೂರೋಪು, ಅಮೆರಿಕಗಳ ಸಾಕುವವರ ಮನೆಗಳಲ್ಲಿ ಕಾಣಿಸಿಕೊಂಡಿತು. 2008 ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವುದೆಂದು ಪಟ್ಟಿಮಾಡಿದರು. 2019 ರಲ್ಲಿ ಆ ಕುಲವಷ್ಟನ್ನೂ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಅಂಥ ಪಟ್ಟಿಯ ಪ್ರಾಣಿಗಳನ್ನು ಮನೆಯಲ್ಲಿಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿಯೂ 2024 ರಲ್ಲಿ ಬಂದಿದೆ.

ನಮ್ಮ ಘಟ್ಟಗಳಲ್ಲಿಯೂ ಬಿಲ ತೋಡುವ ದೈತ್ಯ ಜೇಡಗಳಿವೆ. ಪಶ್ಚಿಮ ಘಟ್ಟದ ಥ್ರಿಗ್ಮೋಪಿಯಸ್ ಕುಲಕ್ಕೆ ಅದೇ ಪೊಕಾಕ್ ಅದೇ 1899 ರಲ್ಲಿ ಹೆಸರಿಟ್ಟನು. ಉತ್ತರ ಕನ್ನಡ ಜಿಲ್ಲೆಯ ಹೆಸರನ್ನೇ ಹೊತ್ತ ನಿಯೋಹೆಟೆರೊಫ್ರಿಕ್ಟಸ್ ಉತ್ತರಕನ್ನಡ ಎಂಬುದು ಲೋಕಕ್ಕೆ ಪರಿಚಯವಾದುದು 2012 ರಲ್ಲಿ. ರಸ್ತೆಗಾಗಿ ಕಡಿದ ಮಣ್ಣಿನ ದಂಡೆಗಳಲ್ಲಿ, ರೇಷ್ಮೆಯ ಅಂಚುಕಟ್ಟಿದ ಬಿಲಗಳಲ್ಲಿ ಇಂಥವು ಕೂತಿರುತ್ತವೆ. ರಸ್ತೆ ಅಗಲವಾದರೆ ಊರಿಗೆ ಊರೇ ಹೋದಂತೆ. ಅಭಯಾರಣ್ಯದೊಳಗಿನಿಂದ ಯಾವ ಜೀವವನ್ನೂ ಅಪ್ಪಣೆಯಿಲ್ಲದೆ ತೆಗೆಯುವುದು ಅಪರಾಧ. ಹೊರಗಿರುವುದನ್ನೂ ತೆಗೆಯುವುದು ಬೇಡವೆಂದು ನಾನು ಹುಡುಗನಿಂದ ಮಾತು ತೆಗೆದುಕೊಂಡೆ. ಬಂದಿರುವ ಈ ಒಂದನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಪರದೇಶದ ಪ್ರಾಣಿ, ಇಲ್ಲಿಯ ತೋಟದಲ್ಲಿ ಬಿಡುವಂತೆಯೂ ಇಲ್ಲ. ಚೆನ್ನಾಗಿ ನೋಡಿಕೊಳ್ಳುವುದೊಂದೇ ಉಳಿದ ದಾರಿ.

ಜೇಡವನ್ನು ಮನೆಗೆ ತುಂಬಿಸಿಕೊಂಡ ದಿನ ನಾವಿಬ್ಬರೂ ಸ್ವಲ್ಪ ನಡುಗಿದೆವೆಂದು ಒಪ್ಪಿಕೊಳ್ಳಬೇಕು. ಅಮೆರಿಕ ಖಂಡದ ಟರಾಂಟುಲಗಳಲ್ಲಿ ಅನೇಕವು ಹೊಟ್ಟೆಯ ಮೇಲಿನ ಚುಚ್ಚುರೋಮಗಳನ್ನು ಎರಚಿ ಶತ್ರುವನ್ನು ಓಡಿಸುತ್ತವೆ. ಏಷ್ಯದವುಗಳಿಗೆ ಆ ಉಪಾಯವಿಲ್ಲ, ನೇರವಾಗಿ ಕಚ್ಚುತ್ತವೆ. ಪ್ರಾಣಕ್ಕೆ ಎರವಾಗದಿದ್ದರೂ ನೋವು, ಸ್ನಾಯುಗಳ ಸೆಳೆತ ಬಹಳ. ಕೈಯಲ್ಲಿ ಹಿಡಿದು ಆಡಿಸುವ ಪ್ರಾಣಿ ಇದಲ್ಲ. ಅದರ ಮೇಲೆ ಲೋಟವೊಂದನ್ನು ಕವುಚಿ, ಅಡಿಗೆ ರಟ್ಟು ತೂರಿಸಿ, ಹೊಸ ನೆಲದ ಮೇಲೆ ಇಳಿಸಿದೆವು. ಅದು ಎರಡು ನಿಮಿಷ ಅಲುಗದೆ ನಿಂತಿತು. ಮುಂಗಾಲಿನಿಂದ ಮಣ್ಣನ್ನು ತಟ್ಟಿತು. ಲಟ್ಟಣಿಗೆಯ ಬಿಲದ ಬಾಯಿಗೆ ಬಂದು ಒಂದು ಕಾಲನ್ನು ಒಳಗೆ ಚಾಚಿ, ಹಿಂತೆಗೆದು, ಮತ್ತೆ ಚಾಚಿತು. ಆಮೇಲೆ ನೀಲಿಯ ಒಂದು ಮಿಂಚಿನಂತೆ ಒಳಕ್ಕೆ ಸರಿದುಹೋಯಿತು.

ಮರುದಿನ ಬೆಳಗ್ಗೆ ಬಿಲದ ಬಾಯಲ್ಲಿ ಕಡಲೆಯಷ್ಟು ದಪ್ಪದ ಮಣ್ಣಿನ ಉಂಡೆಗಳು ಗುಡ್ಡೆಯಾಗಿ ಬಿದ್ದಿದ್ದವು. ಇರುಳೆಲ್ಲ ಹಲ್ಲಿನಲ್ಲಿ ಅಗೆದು, ರೇಷ್ಮೆಯಲ್ಲಿ ಕಟ್ಟಿ, ಹೊತ್ತು ತಂದು ಹಾಕಿದ್ದು. ವಾರದಲ್ಲಿ ಬಿಲವು ತಳದವರೆಗೆ ಇಳಿದು ಬಲಕ್ಕೆ ತಿರುಗಿತ್ತು. ಹುಡುಗ ವಾರಕ್ಕೊಮ್ಮೆ ಪರದೆ ಎತ್ತುವ ಹಕ್ಕನ್ನು ಚಲಾಯಿಸಿದನು. ಮೊದಲ ವಾರ ಒಂದು ಕಾಲು ಕಂಡಿತು. ಎರಡನೆಯ ವಾರ ಏನೂ ಕಾಣಲಿಲ್ಲ: ಗಾಜಿನ ಒಳಮೈಗೆ ಮಣ್ಣನ್ನೂ ರೇಷ್ಮೆಯನ್ನೂ ಸೇರಿಸಿ ಗಿಲಾವು ಮಾಡಿಬಿಟ್ಟಿತ್ತು! ನಮ್ಮ ಒಪ್ಪಂದಕ್ಕೆ ಮೂರನೆಯ ಪಕ್ಷವೊಂದಿರುವುದನ್ನು ನಾವಿಬ್ಬರೂ ಮರೆತಿದ್ದೆವು.

ನೀರಿನ ವಿಷಯದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಮೇಲಿನ ಮಣ್ಣು ಒಣಗಿದ್ದನ್ನು ಕಂಡು, ಗಿಡಕ್ಕೆ ಹಾಕುವಂತೆ ಪೂರ್ತಿ ನೆನೆಸಿದೆ; ಜೂನ್ ತಿಂಗಳ ಮಳೆಯೂ ಹಿಡಿದಿತ್ತು. ಹತ್ತು ದಿನಗಳಲ್ಲಿ ಮೇಲೆಲ್ಲ ಬಿಳಿಯ ಬೂಷ್ಟು, ತಿನ್ನದೆ ಬಿಟ್ಟ ಹುಳುವಿನ ಮೇಲೆ ಧೂಳಿನಂಥ ನುಸಿ. ಮೇಲ್ಪದರವನ್ನು ಕೆರೆದು ತೆಗೆದು, ಒಣಮಣ್ಣು ಹಾಕಿ, ಅಂದಿನಿಂದ ಬೇರೆ ಕ್ರಮ ಹಿಡಿದೆವು. ಒಂದು ಮೂಲೆಯಲ್ಲಿ ತಳದವರೆಗೆ ತೆಳುವಾದ ಕೊಳವೆಯೊಂದನ್ನು ಇಳಿಸಿ, ಹದಿನೈದು ದಿನಕ್ಕೊಮ್ಮೆ ಅದರ ಮೂಲಕ ಅರ್ಧ ಲೋಟ ನೀರು. ಮೇಲೆ ಒಣ, ಕೆಳಗೆ ತೇವ. ನಡುವೆ ತನಗೆ ಬೇಕಾದ ಮಟ್ಟವನ್ನು ಜೇಡವೇ ಆರಿಸಿಕೊಳ್ಳುತ್ತದೆ. ಕುಡಿಯುವುದಕ್ಕೆ ಮೇಲೆ ಒಂದು ಬಟ್ಟಲು. ಬಿಸಿ ದೀಪ ಬೇಡ; ಬೆಂಗಳೂರಿನ ಹವೆ ಅದಕ್ಕೆ ಒಗ್ಗುತ್ತದೆ. ಆಹಾರ ವಾರಕ್ಕೊಂದು ಮಿಡತೆಯೋ ಸಾಕಿದ ಜಿರಲೆಯೋ, ಅಷ್ಟೆ. ಅಡುಗೆಮನೆಯ ಜಿರಲೆ ಔಷಧಿ ತಿಂದಿರಬಹುದು, ಕೂಡದು.

ಆಗಸ್ಟಿನಲ್ಲಿ ಬಿಲದ ಬಾಯಿ ಮುಚ್ಚಿತು. ಮಣ್ಣು, ರೇಷ್ಮೆ ಬೆರೆತ ಒಂದು ಬಿರಡೆ. ಒಂದು ವಾರ, ಎರಡು ವಾರ, ಒಂದು ತಿಂಗಳು. ಹುಡುಗನು ದಿನವೂ ಕಚೇರಿಯಿಂದ ಬಂದವನೇ ಚಪ್ಪಲಿ ಬಿಡುವ ಮುನ್ನ ಪಡಸಾಲೆಗೆ ಬಗ್ಗಿ ನೋಡುವನು.

"ಸತ್ತಿದ್ರೆ ಮೇಷ್ಟ್ರೇ? ಒಂದೇ ಒಂದು ಚಮಚ ಕೆರೆದು ನೋಡ್ಲಾ?"

ಬೇಡವೆಂದೆ. ಪೊರೆ ಬಿಡುವ ಕಾಲದಲ್ಲಿ ಈ ಜೇಡಗಳು ಹೀಗೆ ಕದವಿಕ್ಕಿಕೊಳ್ಳುತ್ತವೆ. ಹಳೆಯ ತೊಗಲನ್ನು ಕಳಚಿ ಹೊಸದು ಗಟ್ಟಿಯಾಗುವವರೆಗೆ ಅದರ ಹಲ್ಲೂ ಮೆತ್ತಗೆ, ಮೈಯೂ ಮೆತ್ತಗೆ. ಒಂದು ಮಿಡತೆ ಸಾಕು ಅದನ್ನು ಕೊಲ್ಲುವುದಕ್ಕೆ. ಆಗ ಅಗೆದು ನೋಡಿದವರು ಬದುಕಿದ್ದುದನ್ನು ಕೊಂದುಕೊಂಡದ್ದೇ ಹೆಚ್ಚು. ಹೀಗೆಂದು ಅವನಿಗೆ ಹೇಳಿದೆನೇ ಹೊರತು, ರಾತ್ರಿ ಎದ್ದಾಗ ನಾನೂ ದೀಪ ಹಾಕಿ ನೋಡುತ್ತಿದ್ದೆ. ಮನೆಯಾಕೆಯೂ ನೋಡುತ್ತಿದ್ದಳೆಂದು ಆಮೇಲೆ ತಿಳಿಯಿತು.

ಗಣೇಶನ ಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ಬೆಳಗ್ಗೆ ಕಾಫಿಯ ಹೊತ್ತಿಗೆ ಅವಳೇ ಕರೆದಳು. ಬಿರಡೆ ಒಡೆದಿತ್ತು. ಬಿಲದ ಬಾಯಾಚೆ, ಬೇಡವಾದ ಸಾಮಾನನ್ನು ಬೀದಿಗಿಟ್ಟಂತೆ, ಒಂದು ಇಡೀ ಜೇಡದ ಪೊರೆ ಬಿದ್ದಿತ್ತು: ಕಾಲು, ಹಲ್ಲು, ಶ್ವಾಸಕೋಶದ ಹಾಳೆಗಳ ಸಮೇತ. ಮೇಲಿನವನನ್ನು ಎಬ್ಬಿಸಿದೆ. ನಿದ್ದೆಗಣ್ಣಿನಲ್ಲಿ ಇಳಿದು ಬಂದವನು ಅದನ್ನು ಚಿಮಟದಿಂದ ಎತ್ತಿ ಬಿಳಿಯ ಕಾಗದದ ಮೇಲೆ ಮಲಗಿಸಿ, ಒಂದೊಂದು ಕಾಲನ್ನೂ ನೀರಿನಲ್ಲಿ ನೆನೆಸಿ ಬಿಡಿಸಿದನು. ಈ ಜೇಡಗಳ ನೀಲಿ ಬಣ್ಣದ್ರವ್ಯದಿಂದ ಬಂದುದಲ್ಲ. ರೋಮಗಳ ಒಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಬಂದುದು. ಆದುದರಿಂದ ಕಳಚಿ ಬಿದ್ದ ತೊಗಲಿನಲ್ಲಿಯೂ ಅದು ಅಳಿಯುವುದಿಲ್ಲ. ಕಿಟಕಿಯ ಬಿಸಿಲಿಗೆ ಹಿಡಿದಾಗ ಕಾಗದದ ಮೇಲಿನ ಆ ಎಂಟು ಕಾಲುಗಳೂ ಮೊದಲ ರಾತ್ರಿ ಕಂಡಷ್ಟೇ ನೀಲಿಯಾಗಿದ್ದವು.

ಅವನು ಅದನ್ನು ಒಂದು ಸೀರೆಯ ಪೆಟ್ಟಿಗೆಯ ಮುಚ್ಚಳದಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡು ಮೇಲಕ್ಕೆ ಹೋದನು. ಪೆಟ್ಟಿಗೆ ಕೊಟ್ಟವಳು ಮನೆಯಾಕೆ. ತೊಟ್ಟಿಯ ಗಾಜಿಗೆ ಹಚ್ಚಿದ್ದ ಕಪ್ಪು ಕಾಗದವನ್ನು ಆಮೇಲೆ ಯಾರೂ ಎತ್ತಿದ್ದಿಲ್ಲ.